ಹೊಗೆಯ ಸುರಂಗದಲ್ಲಿ ನಾಲ್ಕು ಮೈಲಿ

ಲಂಡನ್ನಿಗೆ ಹೋದ ನಮ್ಮವರು ಬಕಿಂಗ್‌ಹ್ಯಾಮ್ ಅರಮನೆಯನ್ನೂ ಬ್ರಿಟಿಷ್ ಮ್ಯೂಸಿಯಮ್ಮನ್ನೂ ಥೇಮ್ಸ್ ನದಿಯ ಮೇಲಿನ ಗೋಪುರದ ಸೇತುವೆಯನ್ನೂ ನೋಡದೆ ಹಿಂದಿರುಗುವುದಿಲ್ಲ. ಬೇಕರ್ ಸ್ಟ್ರೀಟಿಗೂ ಹೋಗುತ್ತಾರೆ. ಸ್ಟೇಷನ್ನಿನ ಹೊರಗಿರುವ ಷರ್ಲಾಕ್ ಹೋಮ್ಸನ ಕಂಚಿನ ವಿಗ್ರಹದ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಆ ವಿಗ್ರಹದ ಸಮೀಪದಲ್ಲಿಯೇ, ರಸ್ತೆಯ ಕೆಳಗೆ ಕೆಲವೇ ಅಡಿಗಳ ಆಳದಲ್ಲಿ, ಪ್ರಪಂಚದಲ್ಲಿಯೇ ಮೊಟ್ಟಮೊದಲನೆಯದಾದ ನೆಲದಡಿಯ ರೈಲುದಾರಿ ಇದೆಯೆಂಬುದೂ, ಅದು ಇಂದಿಗೂ ದಿನವಹಿ ಸಾವಿರಾರು ಜನರನ್ನು ಹೊತ್ತು ತಿರುಗುತ್ತಿದೆಯೆಂಬುದೂ ಬಹುಮಂದಿಯ ಗಮನಕ್ಕೆ ಬರುವುದೇ ಇಲ್ಲ.

ಮೆಟ್ಟಿಲಿಳಿದು ಐದು ಮತ್ತು ಆರನೆಯ ಪ್ಲಾಟ್‌ಫಾರಮ್ಮುಗಳಿಗೆ ಹೋಗಬೇಕು. ಲಂಡನ್ನಿನ ಇತರ ನೆಲದಡಿಯ ಸ್ಟೇಷನ್ನುಗಳಂತೆ ಇದು ಇಕ್ಕಟ್ಟಾದ ಕೊಳವೆಯಲ್ಲ. ಇಟ್ಟಿಗೆಯಲ್ಲಿ ಕಟ್ಟಿದ ಒಂದೇ ಒಂದು ವಿಶಾಲವಾದ ಕಮಾನು, ಈ ಪ್ಲಾಟ್‌ಫಾರಮ್ಮಿನಿಂದ ಆ ಪ್ಲಾಟ್‌ಫಾರಮ್ಮಿನವರೆಗೆ ಬಾಗಿ ನಿಂತಿದೆ. ಎರಡೂ ಪಕ್ಕದ ಗೋಡೆಗಳಲ್ಲಿ ಸಾಲಾಗಿ ಗೂಡುಗಳು. ಒಂದೊಂದೂ ಓರೆಯಾಗಿ ಮೇಲಕ್ಕೆ ಏರಿಹೋಗುತ್ತದೆ. ಮೇಲಿನ ರಸ್ತೆಯ ಅಂಚಿನಿಂದ ಹಗಲಿನ ಬೆಳಕು ಈ ಗೂಡುಗಳ ಮೂಲಕ ಇಳಿದುಬರಲೆಂದು ಮೊದಲು ಅವುಗಳಿಗೆ ಬಿಳಿಯ ಟೈಲುಗಳನ್ನು ಹೊದಿಸಿದ್ದರಂತೆ. ಈಗ ಅವುಗಳಲ್ಲಿ ವಿದ್ಯುದ್ದೀಪಗಳಿವೆ. ೧೯೮೦ರ ದಶಕದಲ್ಲಿ ಇಡೀ ಕಮಾನನ್ನು ತಿಕ್ಕಿ ತೊಳೆದು ಆದಷ್ಟು ಮಟ್ಟಿಗೆ ಮೊದಲಿನ ರೂಪಕ್ಕೆ ತಂದರು. ಒಂದು ಹಳೆಯ ದೇವಸ್ಥಾನದ ಪ್ರಾಕಾರಕ್ಕೆ ಕಾಲಿಟ್ಟಾಗ ದನಿ ತಾನಾಗಿ ತಗ್ಗುವುದಿಲ್ಲವೇ, ಇಲ್ಲಿಯೂ ನನಗೆ ಹಾಗೆಯೇ ಆಯಿತು. ನನ್ನ ಪಕ್ಕದಲ್ಲಿದ್ದವರಿಗೆ ಮಾತ್ರ ಅಂಥದೇನೂ ಇರಲಿಲ್ಲ. ಅವರು ಗಡಿಯಾರ ನೋಡುತ್ತ ಮುಂದಿನ ಗಾಡಿಗಾಗಿ ಕಾಯುತ್ತಿದ್ದರು.

ಈ ದಾರಿಯ ಹೆಸರು ಮೆಟ್ರೊಪಾಲಿಟನ್ ರೈಲ್ವೆ. ಇಂದು ಪ್ರಪಂಚದ ಎಷ್ಟೋ ಊರುಗಳಲ್ಲಿ ನೆಲದಡಿಯ ರೈಲಿಗೆ 'ಮೆಟ್ರೊ' ಎಂಬ ಹೆಸರು ನಿಂತಿರುವುದರ ಮೂಲ ಹುಡುಕಿದರೆ ದಾರಿ ಇಲ್ಲಿಗೇ ಬರುತ್ತದೆ. ಊರಿನ ಪಶ್ಚಿಮದ ಪ್ಯಾಡಿಂಗ್‌ಟನ್ನಿನಿಂದ ಪೂರ್ವದ ಫ್ಯಾರಿಂಗ್‌ಡನ್ನಿನವರೆಗೆ, ನಾಲ್ಕು ಮೈಲಿಗೆ ತುಸು ಕಡಮೆ ದೂರ, ಏಳು ಸ್ಟೇಷನ್ನುಗಳು. ಸಾರ್ವಜನಿಕರಿಗೆ ಇದು ತೆರೆದದ್ದು ೧೮೬೩ರ ಜನವರಿ ೧೦ರಂದು.

೧೯೬೩ಕ್ಕೆ ಇದಕ್ಕೆ ನೂರು ತುಂಬಿತು. ಆ ವರ್ಷ ಮೇ ತಿಂಗಳ ೨೩ರಂದು ಊರಿನ ವಾಯವ್ಯದಲ್ಲಿರುವ ನೀಸ್ಡನ್ ಡಿಪೋದಲ್ಲಿ ಗಾಡಿಗಳ ಮೆರವಣಿಗೆಯೊಂದು ನಡೆಯಿತು. ನಮ್ಮ ಮೈಸೂರಿನ ದಸರೆಯಲ್ಲಿ ಆನೆ ಕುದುರೆಗಳು ಸಾಗುವಂತೆ ಅಲ್ಲಿ ಇಂಜಿನುಗಳು ಸಾಗಿದವು. ಮ್ಯಾಂಚೆಸ್ಟರಿನ ಕಾರ್ಖಾನೆಯಲ್ಲಿ ೧೮೬೬ರಲ್ಲಿ ತಯಾರಾಗಿ ೧೯೪೮ರವರೆಗೆ ದುಡಿದ ೨೩ನೆಯ ನಂಬರಿನ ಉಗಿ ಇಂಜಿನಿಗೆ ಹೊಸದಾಗಿ ಬಣ್ಣ ಬಳಿದು ಮೆರುಗು ಕೊಟ್ಟಿದ್ದರು. ಮರದ ಹಳೆಯ ಗಾಡಿಗಳಿಂದ ಹಿಡಿದು, ಆಗ ತಾನೇ ಬಂದಿದ್ದ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಗಾಡಿಗಳವರೆಗೆ ಒಂದು ಶತಮಾನದ ಇತಿಹಾಸ ಪ್ರೇಕ್ಷಕರ ಮುಂದೆ ಹಾದುಹೋಯಿತು. ಇಂಗ್ಲಿಷರಿಗೆ ಇಂಥವುಗಳಲ್ಲಿ ಬಹಳ ಪ್ರೀತಿ. ಹಳೆಯ ಇಂಜಿನಿಗೆ ಅವರು ತೋರುವ ಅಕ್ಕರೆಯನ್ನು ಕಂಡರೆ, ಮನೆಯಲ್ಲಿ ಮುದಿ ಎತ್ತನ್ನು ಸಾಕುವ ನಮ್ಮ ರೈತರ ನೆನಪಾಗುತ್ತದೆ.

ಐವತ್ತು ವರ್ಷ ಕಳೆದು ೨೦೧೩ರಲ್ಲಿ ಮತ್ತೆ ಉತ್ಸವವಾಯಿತು. ಈ ಸಲ ಡಿಪೋದ ಅಂಗಳದಲ್ಲಲ್ಲ, ಸುರಂಗದಲ್ಲಿಯೇ. ಜನವರಿ ೧೩ರಂದು ಮೆಟ್ರೊಪಾಲಿಟನ್ನಿನ ಒಂದನೆಯ ನಂಬರಿನ ಉಗಿ ಇಂಜಿನು, ೧೮೯೨ರ ಮರದ ಗಾಡಿಯೊಂದನ್ನು ಕಟ್ಟಿಕೊಂಡು, ನಿಜವಾದ ಕಲ್ಲಿದ್ದಲಿನ ಹೊಗೆಯನ್ನುಗುಳುತ್ತ ಬೇಕರ್ ಸ್ಟ್ರೀಟಿನ ಈ ಕಮಾನಿನ ಕೆಳಗೆ ಹಾದುಹೋಯಿತು. ಅಂಚೆ ಇಲಾಖೆಯವರು ಸ್ಟಾಂಪುಗಳನ್ನು ಹೊರಡಿಸಿದರು. ಟಂಕಸಾಲೆಯವರು ಎರಡು ಪೌಂಡಿನ ನಾಣ್ಯಗಳನ್ನು ಅಚ್ಚುಹಾಕಿದರು. ಮಾರ್ಚಿಯಲ್ಲಿ ಎಲಿಜಬೆತ್ ರಾಣಿಯವರು ಇಲ್ಲಿಗೆ ಭೇಟಿ ಕೊಟ್ಟಾಗ, ಜೊತೆಯಲ್ಲಿದ್ದ ಗರ್ಭಿಣಿ ಮೊಮ್ಮಗಸೊಸೆಗೆ ರೈಲ್ವೆಯವರು ಒಂದು ಬಿಲ್ಲೆಯನ್ನು ಕೊಟ್ಟರು. ಬಸುರಿಯರು ಅದನ್ನು ಧರಿಸಿದರೆ ಗಾಡಿಯಲ್ಲಿ ಇತರರು ಎದ್ದು ಸ್ಥಳ ಬಿಡುವ ಪದ್ಧತಿ ಅಲ್ಲಿದೆ. ಅರಮನೆಯ ಸೊಸೆಗೆ ಅದರಿಂದ ಉಪಯೋಗವಾಗಿರಲಾರದು. ಆದರೂ ಒಳ್ಳೆಯ ಉಡುಗೊರೆಯೇ.

ಈ ಸಂಭ್ರಮಗಳ ವೃತ್ತಾಂತವನ್ನೆಲ್ಲ ಓದುವಾಗ, ಇಂಜಿನುಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ಒಬ್ಬ ವಕೀಲರ ಕಥೆ. ಅವರ ಹೆಸರು ಚಾರ್ಲ್ಸ್ ಪಿಯರ್ಸನ್. ಹುಟ್ಟಿದ್ದು ೧೭೯೩ರಲ್ಲಿ. ೧೮೩೯ರಿಂದ ಸಾಯುವವರೆಗೂ ಲಂಡನ್ ನಗರಸಭೆಯ ಸಾಲಿಸಿಟರರಾಗಿದ್ದರು. ಅನ್ಯಾಯ ಕಂಡರೆ ಸುಮ್ಮನಿರುವ ಜಾಯಮಾನವಲ್ಲ ಅವರದು. ೧೬೬೬ರಲ್ಲಿ ಲಂಡನ್ ಸುಟ್ಟುಹೋದದ್ದಕ್ಕೆ ಕ್ಯಾಥೊಲಿಕರೇ ಕಾರಣರೆಂದು ಸ್ಮಾರಕಸ್ತಂಭದಲ್ಲಿ ಕೆತ್ತಿದ್ದ ಸುಳ್ಳುಮಾತನ್ನು ೧೮೩೦ರಲ್ಲಿ ಅಳಿಸಿಹಾಕಿಸಿದವರಲ್ಲಿ ಅವರು ಪ್ರಮುಖರು.

ಆ ಕಾಲದ ಲಂಡನ್ನನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ೧೮೫೧ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಇಪ್ಪತ್ತಮೂರು ಲಕ್ಷವನ್ನು ಮೀರಿತ್ತು. ಹೊರಊರುಗಳಿಂದ ರೈಲುಗಳು ಬರುತ್ತಿದ್ದುವಾದರೂ, ಅವು ಊರಿನ ನಡುವಿಗೆ ಬರಕೂಡದೆಂದು ೧೮೪೬ರ ರಾಯಲ್ ಆಯೋಗವೊಂದು ತೀರ್ಮಾನಿಸಿತ್ತು. ಹೀಗಾಗಿ ಪ್ಯಾಡಿಂಗ್‌ಟನ್, ಯೂಸ್ಟನ್, ಕಿಂಗ್ಸ್ ಕ್ರಾಸ್ ಇವೆಲ್ಲ ಊರ ಬಾಗಿಲಲ್ಲಿಯೇ ನಿಂತುಬಿಟ್ಟಿದ್ದವು. ಅಲ್ಲಿಂದ ಒಳಗೆ ಹೋಗಲು ಕುದುರೆಗಾಡಿ. ಅದಕ್ಕೆ ದುಡ್ಡಿಲ್ಲದವರಿಗೆ ಕಾಲ್ನಡಿಗೆ. ನಿತ್ಯವೂ ಸುಮಾರು ಎರಡು ಲಕ್ಷ ಜನ ನಡೆದೇ ಕೆಲಸಕ್ಕೆ ಬರುತ್ತಿದ್ದರೆಂದು ಲೆಕ್ಕ. ದೂರದಿಂದ ನಡೆದುಬರಲಾರದವರು ಕೆಲಸದ ಜಾಗದ ಸುತ್ತಮುತ್ತಲೇ, ಒಂದೊಂದು ಕೋಣೆಗೆ ಒಂದೊಂದು ಸಂಸಾರದಂತೆ, ಕೊಳಚೆಯ ನಡುವೆ ಕಿಕ್ಕಿರಿದು ಬಾಳುತ್ತಿದ್ದರು.

ಪಿಯರ್ಸನ್ನರಿಗೆ ಕಂಡದ್ದು ಈ ಜನ. ಬಡವನು ಇದ್ದಲ್ಲಿಯೇ ಕಟ್ಟುಬಿದ್ದಿದ್ದಾನೆ. ನಡೆಯೋಣವೆಂದರೆ ಹೊತ್ತಿಲ್ಲ, ಗಾಡಿ ಹತ್ತೋಣವೆಂದರೆ ಕಾಸಿಲ್ಲ ಎಂಬುದು ಅವರ ವಾದ. ಊರಿನ ಹೊರಗೆ ಏಳೆಂಟು ಮೈಲಿಯಾಚೆ ಕೆಲಸಗಾರರಿಗೆ ಕೈತೋಟವಿರುವ ಚಿಕ್ಕ ಮನೆಗಳನ್ನು ಕಟ್ಟಬೇಕು. ಬೆಳಗ್ಗೆ ಕರೆತಂದು ಸಂಜೆ ಕಳಿಸಿಕೊಡಲು ಅಗ್ಗದ ದರದ ರೈಲು ನೆಲದಡಿಯಲ್ಲಿ ಊರಿನ ಹೃದಯದವರೆಗೂ ಬರಬೇಕು. ೧೮೪೦ರ ದಶಕದಿಂದ ಅವರು ಇದನ್ನೇ ಸಭೆಯಿಂದ ಸಭೆಗೆ ಹೇಳಿಕೊಂಡು ತಿರುಗಿದರು. ಕೇಳಿದವರು ನಕ್ಕರು. ಆದರೂ ಅವರು ಬಿಡಲಿಲ್ಲ. ೧೮೫೪ರಲ್ಲಿ ಪಾರ್ಲಿಮೆಂಟಿನ ಅನುಮತಿ ದೊರೆಯಿತು. ಅಷ್ಟರಲ್ಲಿ ಕ್ರಿಮಿಯಾ ಯುದ್ಧ ಬಂದು ಹಣ ಹುಟ್ಟದಾಯಿತು. ಕೊನೆಗೆ ಪಿಯರ್ಸನ್ನರು ತಮ್ಮ ನಗರಸಭೆಯನ್ನೇ ಒಪ್ಪಿಸಿ ಎರಡು ಲಕ್ಷ ಪೌಂಡುಗಳ ಷೇರುಗಳನ್ನು ಕೊಳ್ಳುವಂತೆ ಮಾಡಿದರು. ೧೮೬೦ರಲ್ಲಿ ಅಗೆತ ಆರಂಭವಾಯಿತು.

ಅಗೆತವೆಂದರೆ ಇಲಿ ಬಿಲ ತೋಡಿದಂತೆ ಒಳಗೊಳಗೇ ಕೊರೆದದ್ದಲ್ಲ. ಆ ವಿದ್ಯೆ ಇನ್ನೂ ಅಷ್ಟು ಬೆಳೆದಿರಲಿಲ್ಲ. ಇಂಜಿನಿಯರ್ ಜಾನ್ ಫೌಲರ್ ಅನುಸರಿಸಿದ ಕ್ರಮ ನಮ್ಮ ಮನೆಯ ಮುಂದೆ ಚರಂಡಿ ತೋಡುವ ಕ್ರಮವೇ. ರಸ್ತೆಯನ್ನು ಮೇಲಿನಿಂದ ಸೀಳಿ ಅಗಲವಾದ ಕಂದಕ ತೋಡುವುದು, ಎರಡು ಕಡೆಗೂ ಇಟ್ಟಿಗೆಯ ಗೋಡೆ ಎಬ್ಬಿಸುವುದು, ಮೇಲೆ ಕಮಾನು ಕಟ್ಟುವುದು, ಮಣ್ಣು ಮುಚ್ಚಿ ಮತ್ತೆ ರಸ್ತೆ ಹಾಸುವುದು. ಹೀಗೆ ಮಾಡಲು ಅಗಲವಾದ ರಸ್ತೆ ಬೇಕು. ಸ್ಮಿತ್‌ಫೀಲ್ಡಿನ ಸಂತೆಗೆ ದನಕುರಿಗಳನ್ನು ಊರಿನ ಹೊರಗಿನಿಂದ ಹೊಡೆದುಕೊಂಡು ಹೋಗಲೆಂದು ೧೭೫೬ರಲ್ಲಿ ಮಾಡಿದ್ದ 'ನ್ಯೂ ರೋಡ್' ಅದಕ್ಕೆ ಒದಗಿಬಂತು. ಇಂದಿನ ಮ್ಯಾರಿಲಬೋನ್ ರಸ್ತೆ, ಯೂಸ್ಟನ್ ರಸ್ತೆಗಳು ಅದರ ತುಂಡುಗಳೇ. ಕಿಂಗ್ಸ್ ಕ್ರಾಸಿನವರೆಗೆ ರೈಲು ಆ ರಸ್ತೆಯ ಹೊಟ್ಟೆಯಲ್ಲಿಯೇ ಸಾಗುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ತಿರುಗಿದಾಗ ಬಂತು ಕಷ್ಟ. ಮುಂದಿನದು ಫ್ಲೀಟ್ ಎಂಬ ಪುಟ್ಟ ನದಿಯ ಕಣಿವೆ. ನದಿ ಎಂದೋ ಚರಂಡಿಯಾಗಿ, ಅದರ ಮೇಲೆ ಮುಚ್ಚಿಗೆ ಬಿದ್ದು, ಊರಿನ ಕೊಳೆಯನ್ನೆಲ್ಲ ಹೊತ್ತು ಕತ್ತಲಲ್ಲಿ ಹರಿಯುತ್ತಿತ್ತು. ೧೮೬೨ರ ಜೂನಿನಲ್ಲಿ, ಕೆಲಸ ಮುಗಿಯುತ್ತ ಬಂದಿದೆ ಎನ್ನುವಾಗ, ಅದು ಒಡೆದು ಹೊಸ ಸುರಂಗಕ್ಕೆ ನುಗ್ಗಿತು. ಗೋಡೆಗಳು ಕುಸಿದವು, ಕೊಳಚೆ ನೀರು ಅಡಿಗಟ್ಟಲೆ ನಿಂತಿತು. ಅದನ್ನು ಹೊರಹಾಕಿ ಸರಿಪಡಿಸಲು ತಿಂಗಳುಗಳೇ ಹಿಡಿದವು.

ಆ ಕಣಿವೆಯಲ್ಲಿ ನೀರು ಮಾತ್ರ ಇರಲಿಲ್ಲ, ಜನರೂ ಇದ್ದರು. ಪಿಯರ್ಸನ್ನರ ಕರುಣೆಗೆ ಕಾರಣರಾದ ಬಡವರೇ ಅವರು. ರೈಲಿಗೂ ಅದರ ಪಕ್ಕದ ಹೊಸ ರಸ್ತೆಗೂ ದಾರಿ ಮಾಡಲು ಅವರ ಬೀದಿಗಳನ್ನು ಕೆಡವಿದರು. ಅಗಲವಾದ ರಸ್ತೆಯ ಅಡಿಯಲ್ಲಿ ರೈಲು ಹೋದೆಡೆಯಲ್ಲಿ ದೊಡ್ಡವರ ಮನೆಗಳು ಉಳಿದವು. ರಸ್ತೆಯಿಲ್ಲದೆಡೆಯಲ್ಲಿ ಬಡವರ ಮನೆಗಳು ಹೋದವು. ಮನೆಯ ಒಡೆಯರಿಗೆ ಪರಿಹಾರ ಸಿಕ್ಕಿತು. ವಾರದ ಬಾಡಿಗೆಯ ಮೇಲಿದ್ದವರಿಗೆ ಏನೂ ಇಲ್ಲ; ಗಂಟುಮೂಟೆ ಕಟ್ಟಿಕೊಂಡು ಹೊರಟರು. ಹೀಗೆ ಒಕ್ಕಲೆದ್ದವರು ಸುಮಾರು ಹನ್ನೆರಡು ಸಾವಿರ ಮಂದಿ ಎಂದು ಒಂದು ಅಂದಾಜು. ಹೋದದ್ದಾದರೂ ಎಲ್ಲಿಗೆ? ಕೈತೋಟದ ಮನೆಗಳು ಇನ್ನೂ ಕಾಗದದ ಮೇಲೆಯೂ ಸರಿಯಾಗಿ ಮೂಡಿರಲಿಲ್ಲ. ಪಕ್ಕದ ಗಲ್ಲಿಗಳಲ್ಲಿ, ಮೊದಲೇ ಕಿಕ್ಕಿರಿದಿದ್ದ ಕೋಣೆಗಳಲ್ಲಿಯೇ ಅವರು ತೂರಿಕೊಳ್ಳಬೇಕಾಯಿತು. ರೈಲು ಮುಂದೆ ಅವರ ಮೊಮ್ಮಕ್ಕಳಿಗೆ ಅನುಕೂಲವಾಗಿರಬಹುದು, ನಿಜ. ಆದರೆ ಅಂದು ತಲೆಯ ಮೇಲೆ ಹಾಸಿಗೆ ಹೊತ್ತು ನಿಂತ ತಾಯಿಗೆ ಆ ಲೆಕ್ಕವನ್ನು ಹೇಳುವ ಧೈರ್ಯ ಯಾರಿಗಿದ್ದೀತು?

ಪಿಯರ್ಸನ್ನರು ತಮ್ಮ ರೈಲು ಓಡಿದ್ದನ್ನು ನೋಡಲಿಲ್ಲ. ೧೮೬೨ರ ಸೆಪ್ಟೆಂಬರಿನಲ್ಲಿ, ಆರಂಭೋತ್ಸವಕ್ಕೆ ನಾಲ್ಕು ತಿಂಗಳು ಮುಂಚೆ, ತೀರಿಕೊಂಡರು. ಕಂಪನಿ ಕೊಡಬಂದ ಬಹುಮಾನವನ್ನು ಅವರು ಒಲ್ಲೆನೆಂದಿದ್ದರು. ರೈಲು ಆರಂಭವಾದ ಮೇಲೆ ಅವರ ವಿಧವಾಪತ್ನಿಗೆ ವರ್ಷಕ್ಕೆ ೨೫೦ ಪೌಂಡುಗಳ ವರ್ಷಾಶನ ಗೊತ್ತುಮಾಡಿದರು.

ಜನವರಿ ೯ರಂದು ಆಹ್ವಾನಿತರಿಗಾಗಿ ವಿಶೇಷ ಗಾಡಿಗಳು ಹೊರಟವು. ಫ್ಯಾರಿಂಗ್‌ಡನ್ನಿನಲ್ಲಿ ಭಾರಿ ಔತಣವಾಯಿತು. ಪ್ರಧಾನಮಂತ್ರಿ ಪಾಮರ್‌ಸ್ಟನ್ನರಿಗೆ ಆಗ ಎಪ್ಪತ್ತೆಂಟು ವರ್ಷ. 'ಈ ವಯಸ್ಸಿನಲ್ಲಿ ಸಾಧ್ಯವಾದಷ್ಟು ಕಾಲ ನೆಲದ ಮೇಲೆಯೇ ಇರಬಯಸುತ್ತೇನೆ' ಎಂಬರ್ಥದ ಉತ್ತರ ಕೊಟ್ಟು ಅವರು ತಪ್ಪಿಸಿಕೊಂಡರೆಂದು ಪ್ರತೀತಿ. ಮರುದಿನ ಶನಿವಾರ ಜನ ನುಗ್ಗಿದರು. ಒಂದೇ ದಿನ ಸುಮಾರು ಮೂವತ್ತೆಂಟು ಸಾವಿರ ಮಂದಿ ಪ್ರಯಾಣ ಮಾಡಿದರು. ಟಿಕೆಟಿನ ದರ ಮೊದಲನೆಯ ತರಗತಿಗೆ ಆರು ಪೆನ್ನಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಗಾಡಿಗಳಲ್ಲಿ ಗ್ಯಾಸಿನ ದೀಪಗಳಿದ್ದವು. ಕತ್ತಲಲ್ಲಿ ದೆವ್ವದಂತೆ ಕೂರಬೇಕಾದೀತೆಂದು ಹೆದರಿದ್ದವರು, ಆ ಬೆಳಕಿನಲ್ಲಿ ವೃತ್ತಪತ್ರಿಕೆ ಓದಬಹುದೆಂದು ಕಂಡು ಬೆರಗಾದರು. ಮೊದಲ ವರ್ಷದಲ್ಲಿಯೇ ತೊಂಬತ್ತೈದು ಲಕ್ಷ ಪ್ರಯಾಣಗಳಾದವು.

ಹೊಗೆ? ಓದುಗರು ಈ ಪ್ರಶ್ನೆಯನ್ನು ಆಗಲೇ ಕೇಳಿಕೊಂಡಿರಬೇಕು. ಮುಚ್ಚಿದ ಸುರಂಗದಲ್ಲಿ ಉಗಿ ಇಂಜಿನು! ಫೌಲರ್ ಮೊದಲು ಕಾಯಿಸಿದ ಇಟ್ಟಿಗೆಗಳ ಶಾಖದಿಂದ ಓಡುವ, ಹೊಗೆಯೇ ಇಲ್ಲದ ಇಂಜಿನೊಂದನ್ನು ಮಾಡಿಸಿ ನೋಡಿದರು. ಅದು ಓಡುವುದಕ್ಕಿಂತ ನಿಲ್ಲುವುದರಲ್ಲಿಯೇ ನಿಪುಣವಾಗಿತ್ತು. 'ಫೌಲರನ ಭೂತ'ವೆಂದು ಅದಕ್ಕೆ ಅಡ್ಡಹೆಸರು ಬಿತ್ತು. ಆಮೇಲೆ ಬಂದವು, ಬಳಸಿದ ಉಗಿಯನ್ನು ಚಿಮಣಿಗೆ ಬಿಡದೆ ಪಕ್ಕದ ನೀರಿನ ತೊಟ್ಟಿಗಳಿಗೆ ತಿರುಗಿಸಿ ತಣಿಸುವ ಇಂಜಿನುಗಳು. ೨೩ನೆಯ ನಂಬರಿನದು ಆ ಜಾತಿಯದು. ಕೋವೆಂಟ್ ಗಾರ್ಡನ್ನಿನ ಸಾರಿಗೆ ಮ್ಯೂಸಿಯಮ್ಮಿನಲ್ಲಿ ಅದರ ಬದಿಯ ದಪ್ಪ ಕೊಳವೆಗಳನ್ನು ಈಗಲೂ ನೋಡಬಹುದು. ಉಗಿಯೇನೋ ಕಡಮೆಯಾಯಿತು, ಗಂಧಕದ ಹೊಗೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ೧೮೯೭ರಲ್ಲಿ ಇದರ ವಿಚಾರಣೆಗೆ ಸಮಿತಿಯೊಂದು ಕುಳಿತಾಗ, ಕಂಪನಿಯ ಜನರಲ್ ಮ್ಯಾನೇಜರು ಬಂದು, ಉಬ್ಬಸವಿದ್ದ ನೌಕರರನ್ನು ತಾವು ಗ್ರೇಟ್ ಪೋರ್ಟ್‌ಲೆಂಡ್ ಸ್ಟ್ರೀಟ್ ಸ್ಟೇಷನ್ನಿಗೆ ವರ್ಗ ಮಾಡುತ್ತೇವೆ, ಅಲ್ಲಿನ ಗಾಳಿಯಿಂದ ಅವರಿಗೆ ಗುಣವಾಗುತ್ತದೆ ಎಂಬ ಧಾಟಿಯಲ್ಲಿ ಸಾಕ್ಷ್ಯ ಹೇಳಿದರು! ಆದರೆ ಗವರ್ ಸ್ಟ್ರೀಟ್ ಸ್ಟೇಷನ್ನಿನ ಬಳಿಯ ಔಷಧದ ಅಂಗಡಿಯವನು, ಉಸಿರುಕಟ್ಟಿ ಮೇಲೆ ಬಂದವರಿಗೆಂದೇ 'ಮೆಟ್ರೊಪಾಲಿಟನ್ ಮಿಕ್ಸ್‌ಚರ್' ಎಂಬ ಔಷಧವನ್ನು ಮಾರುತ್ತಿದ್ದನಂತೆ. ಎರಡು ಸಾಕ್ಷ್ಯಗಳಲ್ಲಿ ಯಾವುದನ್ನು ನಂಬಬೇಕೆಂಬುದು ಓದುಗರ ಚಿತ್ತಕ್ಕೆ ಬಿಟ್ಟದ್ದು. ೧೯೦೫ರಲ್ಲಿ ವಿದ್ಯುಚ್ಛಕ್ತಿ ಬಂದ ಮೇಲೆ ಸುರಂಗದ ಪ್ರಯಾಣಿಕರಿಗೆ ಹೊಗೆಯ ಕಾಟ ತಪ್ಪಿತು.

ಹೊಗೆಯ ಮಾತು ಬಂದಾಗ ಒಂದು ವಿನೋದವನ್ನು ಹೇಳಲೇಬೇಕು. ೧೮೬೮ರಲ್ಲಿ ಈ ದಾರಿಯನ್ನು ಪ್ಯಾಡಿಂಗ್‌ಟನ್ನಿನಿಂದ ದಕ್ಷಿಣಕ್ಕೆ ವಿಸ್ತರಿಸುವಾಗ, ಇಂಜಿನು ಹೊಗೆಬಿಡಲು ಅಲ್ಲಲ್ಲಿ ಸುರಂಗಕ್ಕೆ ಮುಚ್ಚಿಗೆಯಿಲ್ಲದ ಜಾಗಗಳನ್ನು ಬಿಟ್ಟರು. ಬೇಸ್‌ವಾಟರಿನ ಲೆನ್ಸ್‌ಟರ್ ಗಾರ್ಡನ್ಸ್ ಎಂಬ ಶ್ರೀಮಂತರ ಬೀದಿಯಲ್ಲಿ ಎರಡು ಮನೆಗಳ ಸ್ಥಳ ಹೀಗೆ ಗುಂಡಿಯಾಯಿತು. ಬೀದಿಯ ಅಂದ ಕೆಡಬಾರದೆಂದು ಅಲ್ಲಿ ಮನೆಗಳ ಮುಂಗೋಡೆಯನ್ನು ಮಾತ್ರ ಕಟ್ಟಿ ನಿಲ್ಲಿಸಿದರು. ೨೩ ಮತ್ತು ೨೪ನೆಯ ನಂಬರಿನ ಆ 'ಮನೆ'ಗಳಿಗೆ ಕಂಬಗಳಿವೆ, ಬಾಗಿಲುಗಳಿವೆ. ಕಿಟಕಿಗಳಿಗೆ ಗಾಜಿನ ಬದಲು ಬಣ್ಣ ಬಳಿದಿದೆ. ಹಿಂದೆ ಏನೂ ಇಲ್ಲ, ಹಳಿಗಳು ಅಷ್ಟೇ. ನಮ್ಮ ಗುಬ್ಬಿ ಕಂಪನಿಯವರ ಪರದೆಯ ಅರಮನೆಯ ಹಾಗೆ. ಶ್ರೀಮಂತರ ಬೀದಿಗೆ ಇಷ್ಟು ಉಪಚಾರ ಮಾಡಿದವರು ಫ್ಲೀಟ್ ಕಣಿವೆಯಲ್ಲಿ ಹೇಗೆ ನಡೆದುಕೊಂಡರೆಂಬುದು ಆ ಸುಳ್ಳುಬಾಗಿಲಿನ ಮುಂದೆ ನಿಂತಾಗ ನೆನಪಾಗದಿರಲಿಲ್ಲ.

ಹಾಗಾದರೆ ಪಿಯರ್ಸನ್ನರ ಕನಸು ಏನಾಯಿತು? ಪೂರ್ತಿಯಾಗಿ ಸುಳ್ಳಾಯಿತೆನ್ನಲಾಗದು. ೧೮೬೪ರಲ್ಲಿ ಕಂಪನಿ ನಸುಕಿನಲ್ಲಿ ಕೆಲಸಗಾರರ ಗಾಡಿಗಳನ್ನು ಓಡಿಸತೊಡಗಿತು. ಹೋಗಿಬರುವುದಕ್ಕೆ ಸೇರಿ ಮೂರು ಪೆನ್ನಿ. ಊರಿನ ಹೊರಗಿನ ಮನೆಗಳೂ ಎದ್ದವು, ಆದರೆ ಅರ್ಧ ಶತಮಾನ ತಡವಾಗಿ ಮತ್ತು ಬೇರೆಯವರಿಗಾಗಿ. ಹ್ಯಾರೋ, ಪಿನ್ನರ್, ರಿಕ್‌ಮನ್ಸ್‌ವರ್ತ್‌ಗಳ ಕಡೆ ತನ್ನ ಹಳಿಗಳ ಪಕ್ಕದ ಹೊಲಗಳಲ್ಲಿ ಕಂಪನಿ ಬಡಾವಣೆಗಳನ್ನು ಮಾಡಿತು. ಆ ಸೀಮೆಗೆ ೧೯೧೫ರಲ್ಲಿ 'ಮೆಟ್ರೊಲ್ಯಾಂಡ್' ಎಂದು ಹೆಸರಿಟ್ಟು ಬಣ್ಣಬಣ್ಣದ ಪುಸ್ತಕಗಳಲ್ಲಿ ಜಾಹೀರು ಮಾಡಿತು. ಕೈತೋಟವಿತ್ತು, ಶುದ್ಧ ಗಾಳಿಯಿತ್ತು, ಬೆಳಗಿನ ರೈಲಿತ್ತು. ಬಂದು ನೆಲಸಿದವರು ಮಾತ್ರ ಬ್ಯಾಂಕಿನ ಗುಮಾಸ್ತರು, ಮಾಸ್ತರುಗಳು, ವ್ಯಾಪಾರಿಗಳು, ನಮ್ಮನಿಮ್ಮಂಥ ಮಧ್ಯಮ ವರ್ಗದವರು. ಹಮಾಲಿಗಳು, ಹೊಲಿಗೆಯವರು ಹೆಚ್ಚಾಗಿ ಹಳೆಯ ಗಲ್ಲಿಗಳಲ್ಲಿಯೇ ಉಳಿದರು. ೧೯೩೩ರಲ್ಲಿ ಕಂಪನಿಯೇ ಸಾರ್ವಜನಿಕ ಮಂಡಲಿಯಲ್ಲಿ ಲೀನವಾಯಿತು.

ನಮ್ಮ ದೇಶದಲ್ಲಿ ಮೊದಲ ನೆಲದಡಿಯ ರೈಲು ಓಡಿದ್ದು ಕಲ್ಕತ್ತೆಯಲ್ಲಿ, ೧೯೮೪ರ ಅಕ್ಟೋಬರ್ ೨೪ರಂದು. ಅಲ್ಲಿಯೂ ಬಹುಪಾಲು ಫೌಲರನ ಕ್ರಮವೇ. ರಸ್ತೆಗಳನ್ನು ಸೀಳಿ ವರ್ಷಗಟ್ಟಲೆ ಜನ ಧೂಳು ಕುಡಿದರು. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಕಡೆಗೆ ೨೦೧೬ರಲ್ಲಿ ತೆರೆದ ಸುರಂಗವನ್ನು ಹೆಲೆನ್, ಮಾರ್ಗರೀಟಾ ಎಂಬ ಹೆಣ್ಣುಹೆಸರಿನ ಯಂತ್ರಗಳು ಕೊರೆದವು. ಆದರೆ ಸ್ಟೇಷನ್ನುಗಳನ್ನು ಮಾತ್ರ ಮೇಲಿನಿಂದ ತೋಡಿಯೇ ಕಟ್ಟಬೇಕಾಯಿತು. ನಮ್ಮ ರಸ್ತೆಗಳಿಗೆ ತಗಡಿನ ಬೇಲಿ ಬಿಗಿದಿದ್ದ ಆ ವರ್ಷಗಳನ್ನು ಬೆಂಗಳೂರಿನವರಾರೂ ಮರೆತಿರಲಾರರು.

ಈ ಹಳೆಯ ದಾರಿಯಲ್ಲಿ ನಾನು ಪ್ಯಾಡಿಂಗ್‌ಟನ್ನಿನಿಂದ ಫ್ಯಾರಿಂಗ್‌ಡನ್ನಿಗೆ ಹೋದದ್ದು ನಸುಕಿನ ಗಾಡಿಯಲ್ಲಿ. ಬೇಕೆಂದೇ ಆ ಹೊತ್ತನ್ನು ಆರಿಸಿಕೊಂಡಿದ್ದೆ. ಗಾಡಿಯೇನೂ ಬರಿದಾಗಿರಲಿಲ್ಲ. ಆಫೀಸುಗಳನ್ನು ಗುಡಿಸಿ ಒರೆಸುವ ಹೆಂಗಸರು, ಆಸ್ಪತ್ರೆಯ ಪಾಳಿಗೆ ಹೊರಟ ದಾದಿಯರು, ದಪ್ಪ ಬೂಟು ತೊಟ್ಟ ಕಟ್ಟಡದ ಕೆಲಸದವರು. ಬಹಳಷ್ಟು ಜನ ಕುಳಿತಲ್ಲಿಯೇ ನಿದ್ರಿಸುತ್ತಿದ್ದರು. ತಮ್ಮ ತಮ್ಮ ಸ್ಟೇಷನ್ನು ಬಂದಾಗ ಯಾರೂ ಎಬ್ಬಿಸದಿದ್ದರೂ ಕಣ್ಣು ತೆರೆದು ಇಳಿದುಹೋದರು. ಮೂರು ಪೆನ್ನಿಯ ಟಿಕೆಟು ಈಗಿಲ್ಲ. ಅಂದು ಆ ಗಾಡಿಯಲ್ಲಿದ್ದವರನ್ನು ನೋಡಿದ್ದರೆ ಪಿಯರ್ಸನ್ನರು ಗುರುತಿಸುತ್ತಿದ್ದರೆಂದು ನನ್ನ ನಂಬಿಕೆ.

ಕಿಂಗ್ಸ್ ಕ್ರಾಸ್ ದಾಟಿದ ಮೇಲೆ ದಾರಿ ಸ್ವಲ್ಪ ದೂರ ಬಯಲಿಗೆ ಬರುತ್ತದೆ. ಎತ್ತರದ ಇಟ್ಟಿಗೆಯ ಗೋಡೆಗಳ ನಡುವೆ ತೆರೆದ ಕಂದಕ. ಮೇಲೆ ಆಕಾಶದ ಒಂದು ಪಟ್ಟಿ. ಫ್ಯಾರಿಂಗ್‌ಡನ್ ಸ್ಟೇಷನ್ನಿನ ಕಟ್ಟಡ ೧೯೨೩ರದು. ಆಗಿನ ಹೆಸರು ಈಗಲೂ ಅದರ ನೆತ್ತಿಯ ಮೇಲಿದೆ. ಎದುರಿಗೆ ೨೦೨೨ರ ಮೇ ತಿಂಗಳಲ್ಲಿ ತೆರೆದ ಎಲಿಜಬೆತ್ ಮಾರ್ಗದ ಹೊಸ ಸ್ಟೇಷನ್ನು, ಪಾತಾಳಕ್ಕಿಳಿಯುವ ಚಲಿಸುವ ಮೆಟ್ಟಿಲುಗಳು.

ಅಲ್ಲಿಂದ ಉತ್ತರಕ್ಕೆ ಐದು ನಿಮಿಷ ನಡೆದರೆ ರೇ ಸ್ಟ್ರೀಟ್ ಎಂಬ ಸಣ್ಣ ರಸ್ತೆ. ಹೋಟೆಲೊಂದರ ಮುಂದೆ ರಸ್ತೆಯಲ್ಲಿ ಒಂದು ಕಬ್ಬಿಣದ ಜಾಲರಿ ಇದೆ. ವಾಹನಗಳಿಲ್ಲದ ಹೊತ್ತು ನೋಡಿ ಬಗ್ಗಿ ಕಿವಿಗೊಟ್ಟರೆ ಕೆಳಗೆ ನೀರು ಹರಿಯುವ ಸದ್ದು ಕೇಳಿಸುತ್ತದೆ. ೧೮೬೨ರಲ್ಲಿ ಸುರಂಗವನ್ನು ಒಡೆದು ನುಗ್ಗಿದ ಫ್ಲೀಟ್ ಅದೇ. ನಾನು ಬಗ್ಗಿದ್ದನ್ನು ಕಂಡು, ನಾಯಿಯನ್ನು ಹಿಡಿದುಕೊಂಡು ಬರುತ್ತಿದ್ದ ಮುದುಕರೊಬ್ಬರು, ಬೀಗದಕೈ ಬಿದ್ದುಹೋಯಿತೇ ಎಂದು ವಿಚಾರಿಸಿದರು. ಇಲ್ಲ, ನದಿಯ ಸದ್ದು ಕೇಳುತ್ತಿದ್ದೇನೆ ಎಂದೆ. ಅವರು ಆಶ್ಚರ್ಯಪಡಲಿಲ್ಲ. "ಮಳೆ ಬಂದ ಮರುದಿನ ಬನ್ನಿ, ಇನ್ನೂ ಚೆನ್ನಾಗಿ ಕೇಳಿಸುತ್ತದೆ" ಎಂದು ಹೇಳಿ ನಾಯಿಯನ್ನು ಎಳೆದುಕೊಂಡು ಮುಂದೆ ಹೋದರು.